ಸೀನೀರಿನ ಪಾಳಿ

ಕೆಬ್ಬೆಹುಂಡಿಯ ವೃಷಭೇಂದ್ರಪ್ಪನ ಮನೆಯಲ್ಲಿ ಆ ವರ್ಷ ಬೇಳೆ ಬೇಯುವುದು ನಿಂತಿತು. ಅವನ ಹೆಂಡತಿ ಶಾಂತಮಲ್ಲಮ್ಮ ಬೆಳಿಗ್ಗೆ ಒಲೆಯ ಮೇಲಿಟ್ಟ ತೊಗರಿಬೇಳೆ ಗಂಡಸರು ಉಣ್ಣಲು ಕೂರುವ ಹೊತ್ತಿಗೂ ಕಾಳುಕಾಳಾಗಿಯೇ ಇರುತ್ತಿತ್ತು.

"ಇದೇನು, ಕಲ್ಲು ಬೇಸಿದ್ದೀಯಾ?" ಎಂದು ವೃಷಭೇಂದ್ರಪ್ಪ ಮುದ್ದೆ ಮುರಿಯುತ್ತ ಕೇಳಿದ.

"ಕಲ್ಲು ಸಿಡಿಸ್ದೋರು ನೀವು. ನಾನು ಬೇಸ್ತಾ ಇವ್ನಿ ಅಷ್ಟೆ," ಎಂದಳು ಶಾಂತಮಲ್ಲಮ್ಮ.

ಅವಳ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ. ಚಾಮರಾಜನಗರದಿಂದ ಗುಂಡ್ಲುಪೇಟೆಗೆ ಹೋಗುವ ರಸ್ತೆಯ ಮಗ್ಗುಲಲ್ಲಿದ್ದ ಆ ಊರಿನಲ್ಲಿ ಎರಡು ಬಾವಿಯಿದ್ದ ಮನೆ ಅದೊಂದೇ. ರಸ್ತೆ ಕಡೆಯ ಹೊಲದಲ್ಲಿದ್ದದ್ದು ಮೇಲುಬಾವಿ. ಹಿತ್ತಲಿಗೆ ಅಂಟಿಕೊಂಡಂತಿದ್ದದ್ದು ಕೆಳಬಾವಿ. ಹಿಂದಿನ ಬೇಸಿಗೆಯಲ್ಲಿ ಕೆಳಬಾವಿಯ ನೀರು ತಳ ಕಂಡಾಗ ವೃಷಭೇಂದ್ರಪ್ಪ ಕಲ್ಲು ಒಡೆಯುವವರನ್ನು ಕರೆಸಿ ಸಿಡಿಮದ್ದು ಇಡಿಸಿದ್ದ. ಬಂಡೆ ಬಿರಿದು ನೀರು ಚಿಮ್ಮಿದ ದಿನ ಊರಿಗೆಲ್ಲ ಬೆಲ್ಲ ಕಾಯಿ ಹಂಚಿದ್ದರು. ತಿಂಗಳು ಕಳೆಯುವುದರೊಳಗೆ ಆ ನೀರು ಬಾಯಿಗೆ ಉಪ್ಪು ಹತ್ತತೊಡಗಿತು. ಬಾವಿಯ ಕಲ್ಲಿನ ಮೇಲೆ ಬಿಳೀ ಪೊರೆ ಕಟ್ಟಿತು. ಬಟ್ಟೆಗೆ ಸೋಪು ನೊರೆ ಬಿಡಲಿಲ್ಲ. ಕುಡಿಯುವ ನೀರನ್ನು ಮೇಲುಬಾವಿಯಿಂದ ಹೊತ್ತು ತರುವುದಾಯಿತು. ಹೊರುವ ಹೆಂಗಸರು ದಣಿದ ದಿನ ಬೇಳೆಗೆ ಉಪ್ಪುನೀರೇ ಗತಿಯಾಯಿತು.

ಬೇಳೆಗಿಂತ ದೊಡ್ಡ ಕೇಡು ಹಿತ್ತಲಾಚೆ ನಡೆದಿತ್ತು. ಕೆಳಬಾವಿಯ ನೀರನ್ನೇ ಕುಡಿಯುತ್ತಿದ್ದ ಮೂಸಂಬಿ ತೋಟದ ಎಲೆಗಳು ಅಂಚಿನಿಂದ ಸುಟ್ಟಂತಾಗಿ ಉದುರತೊಡಗಿದ್ದವು. ಆ ತೋಟ ವೃಷಭೇಂದ್ರಪ್ಪನ ತಂಗಿ ಪುಟ್ಟಮಲ್ಲಮ್ಮನದು.

ಪುಟ್ಟಮಲ್ಲಮ್ಮನನ್ನು ಪುಣಜನೂರಿನ ಕಡೆ ಕೊಟ್ಟಿದ್ದರು. ಕಾಡಂಚಿನ ಚಳಿಜ್ವರಕ್ಕೆ ಗಂಡ ತೀರಿಕೊಂಡ. ಮಕ್ಕಳಿಲ್ಲದ ಅವಳು ಇನ್ನೂ ಇಪ್ಪತ್ತು ತುಂಬುವ ಮೊದಲೇ ತವರಿಗೆ ಮರಳಿದಳು. ಆಗ ಅವಳ ಅಪ್ಪ ಹಿತ್ತಲಾಚೆಯ ತುಂಡು ನೆಲಕ್ಕೆ ಮೂಸಂಬಿ ಸಸಿ ತರಿಸಿ ನೆಟ್ಟು, "ಇದರ ಹಣ್ಣು ನಿಂದು ಮಗ. ಯಾರ ಕೈಯನ್ನೂ ನೋಡ್ಬೇಡ," ಎಂದಿದ್ದ. ಕಾಗದ ಪತ್ರ ಏನೂ ಆಗಲಿಲ್ಲ. ಅಪ್ಪ ಹೋದ ಮೇಲೂ ಆ ಮಾತು ನಡೆದುಕೊಂಡು ಬಂದಿತ್ತು. ಅವಳೇ ಪಾತಿ ಮಾಡಿ, ಗೊಬ್ಬರ ಹಾಕಿ, ಹಣ್ಣನ್ನು ಗಾಡಿಯಲ್ಲಿ ಚಾಮರಾಜನಗರಕ್ಕೆ ಕಳಿಸುವಳು. ಅವಳ ಸೀರೆ ಅವಳ ದುಡ್ಡಿನದು, ಎಲೆ ಅಡಿಕೆ ಅವಳದು, ಮುದುಕಿ ತಾಯಿ ದೊಡ್ಡಮಲ್ಲಮ್ಮನ ಕಷಾಯ ಲೇಹ್ಯದ ಖರ್ಚೂ ಅವಳದೇ. ಅಣ್ಣನ ಮಗ ಶಿವರುದ್ರಸ್ವಾಮಿ ಮೈಸೂರಿನಲ್ಲಿ ಓದುತ್ತಿದ್ದಷ್ಟು ದಿನ ಅವನ ಪುಸ್ತಕ, ಅಂಗಿ ಎಲ್ಲ ಮೂಸಂಬಿಯಿಂದಲೇ ಬಂದಿದ್ದವು. ಮನೆಯ ಒಲೆಯ ಮುಂದೆ ಅವಳು ದಿನಾ ದುಡಿಯುತ್ತಿದ್ದಳು. ಆದರೂ ತೋಟವಿದ್ದದ್ದರಿಂದ ತಲೆಯೆತ್ತಿ ದುಡಿಯುತ್ತಿದ್ದಳು.

ಸಂಕ್ರಾಂತಿಯ ಮಾರನೆಯ ದಿನ ಊಟಕ್ಕೆ ಕೂತಾಗ ವೃಷಭೇಂದ್ರಪ್ಪ ಮಾತು ತೆಗೆದ.

"ಪುಟ್ಟಮಲ್ಲಿ, ಆ ಮರಗೋಳು ಇನ್ನು ಏಳಂಗಿಲ್ಲ. ಕಡಿಸ್ಬುಡನ. ಅಲ್ಲಿ ತೆಂಗು ಕೂರಿಸ್ತೀನಿ, ತೆಂಗು ಸವಳು ತಡೀತದೆ. ನಿಂಗೆ ರಸ್ತೆ ಬದಿ ಹೊಲ ಬುಟ್ಕೊಡ್ತೀನಿ. ರಾಗಿ ಅವರೆ ಏನಾರ ಬೆಳ್ಕೊ. ಊರಿನ ನಾಲ್ಕು ಜನರ ಮುಂದೆ ಹೇಳ್ತೀನಿ ಬೇಕಾದ್ರೆ."

ಪುಟ್ಟಮಲ್ಲಮ್ಮ ಬಡಿಸುತ್ತಿದ್ದ ಸೌಟನ್ನು ಹಾಗೇ ಹಿಡಿದು ನಿಂತಳು. "ಎಲ್ಲಾ ಕಡಿಸ್ಬೇಕಾ ಅಣ್ಣ?"

"ಒಣಗಿದ ಮರಕ್ಕೆ ಎಷ್ಟು ದಿನ ಸೇವೆ ಮಾಡ್ತೀಯೆ?"

ಮೂಲೆಯಲ್ಲಿ ಕೂತಿದ್ದ ದೊಡ್ಡಮಲ್ಲಮ್ಮ, "ನ್ಯಾಯವಾಗಿ ಹೇಳ್ತಾವನೆ ಕಣಮ್ಮಿ. ಒಪ್ಕೊ," ಎಂದಳು. ಅವಳಿಗೆ ಕಣ್ಣು ಮಂದವಾಗಿತ್ತು, ಕಿವಿ ಚುರುಕಾಗಿಯೇ ಇತ್ತು.

"ರುದ್ರ ಬರ್ಲಿ. ಅವನನ್ನೊಂದು ಮಾತು ಕೇಳ್ಬುಟ್ಟು ಹೇಳ್ತೀನಿ," ಎಂದಳು ಪುಟ್ಟಮಲ್ಲಮ್ಮ.

ಶಿವರುದ್ರಸ್ವಾಮಿ ವ್ಯವಸಾಯದ ಓದು ಮುಗಿಸಿ ಗುಂಡ್ಲುಪೇಟೆಯ ತೋಟಗಾರಿಕೆ ಕಚೇರಿಯಲ್ಲಿ ಕೆಲಸಕ್ಕೆ ಸೇರಿದ್ದ. ವಾರಕ್ಕೊಮ್ಮೆ ಬಸ್ಸಿನಲ್ಲಿ ಬರುತ್ತಿದ್ದ. ಆ ಸಲ ಬಂದಾಗ ಅವನ ಚೀಲದಲ್ಲಿ ಒಂದು ಪುಟ್ಟ ಗಾಜಿನ ಶೀಸೆಯಿತ್ತು. ಒಳಗೆ ಬಿಳೀ ಪುಡಿ.

"ಕಡಿಸೋ ಮಾತೇ ಬೇಡ ಅತ್ತೆ," ಎಂದ. "ಇದು ಹಾರ್ಮೋನು. ಗಿಡದ ಮೈಯಲ್ಲೇ ಇರೋ ಬೆಳವಣಿಗೆ ರಸ ಇರ್ತದಲ್ಲ, ಅದನ್ನ ಈಗ ಕೈಲಿ ತಯಾರು ಮಾಡ್ತಾರೆ. ಎಲೆ ಮೇಲೆ ಹೊಡೆದ್ರೆ ಉದುರೋದು ನಿಲ್ತದೆ, ಕಾಯಿ ನಿಲ್ತದೆ, ಹೊಸ ಬೇರು ಬರ್ತದೆ. ಉಪ್ಪು ನೀರಲ್ಲೂ ಮರ ತಡ್ಕೊತದೆ ಅಂತ ನಮ್ಮ ಸಾಹೇಬ್ರು ಯಾವುದೋ ಹೊರದೇಶದ ಪತ್ರಿಕೆಲಿ ಓದವ್ರೆ."

"ನಿಮ್ಮ ಸಾಹೇಬ್ರು ಮಾಡಿ ನೋಡವ್ರಾ?" ವೃಷಭೇಂದ್ರಪ್ಪ ಕೇಳಿದ.

"ಇಲ್ಲಿ ಇನ್ನೂ ಯಾರೂ ಮಾಡಿಲ್ಲ."

"ಅಂದ್ರೆ ನಿಮ್ಮತ್ತೆ ತೋಟದಲ್ಲಿ ಕಲೀತೀಯಾ?"

"ಅಪ್ಪಯ್ಯ, ಒಂದು ಫಸಲು ಟೈಮು ಕೊಡಿ. ಬದುಕಿದ್ರೆ ಬದುಕ್ತು. ಇಲ್ದಿದ್ರೆ ಆಗ ಕಡೀರಿ."

ವೃಷಭೇಂದ್ರಪ್ಪ ಮಗನ ಮುಖ ನೋಡಲಿಲ್ಲ. ತಂಗಿಯನ್ನು ನೋಡಿದ. "ನಾನು ಹೊಲ ಈಗ ಕೊಡ್ತೀನಿ ಅಂದದ್ದು. ಭರಣಿ ಮಳೆ ಹೊತ್ತಿಗೆ ಆ ಹೊಲಕ್ಕೆ ಏನಾರ ಬೀಳ್ಲೇಬೇಕು. ಖಾಲಿ ಬುಡಕ್ಕಾಗಲ್ಲ. ಯೋಚ್ನೆ ಮಾಡು."

ಪುಟ್ಟಮಲ್ಲಮ್ಮ ಆ ದಿನವೆಲ್ಲ ತೋಟದಲ್ಲೇ ಓಡಾಡಿದಳು. ಶಿವರುದ್ರ ಅವಳ ಹಿಂದೆ ಮುಂದೆ ಸುತ್ತಿ ಮದ್ದಿನ ಮಾತನ್ನೇ ಆಡಿದ. ಅವನ ಕಣ್ಣು ಹೊಳೆಯುತ್ತಿತ್ತು. ಅವನು ಚಿಕ್ಕವನಿದ್ದಾಗ ಇದೇ ಮರಗಳ ಕೆಳಗೆ ಮಲಗಿಸಿ ನಿದ್ದೆ ಬರಿಸಿದವಳು ಅವಳು. ಸಂಜೆ ಅಣ್ಣನ ಬಳಿ ಬಂದು, "ಹುಡುಗ ಇಷ್ಟು ಹೇಳ್ತಾವ್ನೆ ಅಣ್ಣ. ಒಂದು ಫಸಲು ನೋಡನ," ಎಂದಳು.

"ಆಯ್ತು ಬುಡು. ಆಮೇಲೆ ನನ್ನ ಕೇಳ್ಬೇಡ," ಎಂದ ವೃಷಭೇಂದ್ರಪ್ಪ.

ಮದ್ದು ಬೆರೆಸುವ ದಿನ ಮನೆಯಲ್ಲಿ ದೊಡ್ಡ ಗಲಾಟೆಯೇ ಆಯಿತು. ಆ ಪುಡಿ ನೀರಿನಲ್ಲಿ ಕರಗುವುದಿಲ್ಲ, ಮೊದಲು ಸ್ಪಿರಿಟ್ಟಿನಲ್ಲಿ ಕರಗಿಸಬೇಕು ಎಂದು ಶಿವರುದ್ರ ಆಸ್ಪತ್ರೆಯ ಕಾಂಪೌಂಡರನ್ನು ಕಾಡಿ ಒಂದಿಷ್ಟು ತಂದಿದ್ದ. ಪಡಸಾಲೆಯಲ್ಲಿ ಮುಚ್ಚಳ ತೆಗೆದಿದ್ದೇ ತಡ, ಪೂಜೆಗೆ ಕೂತಿದ್ದ ಶಾಂತಮಲ್ಲಮ್ಮ ಎದ್ದು ಬಂದಳು.

"ಏನ್ಲಾ ಅದು, ಹೆಂಡದ ವಾಸನೆ! ಅಂಗೈಯಲ್ಲಿ ಲಿಂಗ ಹಿಡ್ಕೊಂಡು ಕುಂತಿವ್ನಿ, ನಡುಮನೆಲಿ ಸಾರಾಯಿ ಅಂಗಡಿ ಇಟ್ಟಿದ್ದೀಯಾ?"

"ಇದು ಮದ್ದು ಕಣವ್ವ. ಗಾಯಕ್ಕೆ ಹಚ್ತಾರಲ್ಲ, ಅದೇ."

"ನಿಮ್ಮತ್ತೆ ತೋಟಕ್ಕೆ ಏನು ಗಾಯ ಆಗದೆ? ತಕ್ಕೊಂಡು ಓಗು ಆಚೆಗೆ!"

ಶಿವರುದ್ರನ ತಂಗಿ ಮಂಗಳಗೌರಿ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಮುದುಕಿ ದೊಡ್ಡಮಲ್ಲಮ್ಮನೂ ನಕ್ಕು, "ಮರಕ್ಕೆ ಅಮಲೇರಿಸಿ ನೋವು ಮರೆಸ್ತಾನೇನೋ, ಬುಡೆ," ಎಂದಳು. ಶೀಸೆ, ಬಕೀಟು, ಕೈಪಂಪು ಎಲ್ಲ ಹಿತ್ತಲಿಗೆ ಹೋದವು. ಬೆರೆಸಲು ಸೀನೀರೇ ಬೇಕು ಎಂದು ಶಿವರುದ್ರ ಹೇಳಿದ್ದರಿಂದ ಮಂಗಳಗೌರಿಯೂ ಪುಟ್ಟಮಲ್ಲಮ್ಮನೂ ಮೇಲುಬಾವಿಯಿಂದ ಕೊಡ ಕೊಡ ಹೊತ್ತರು. ಅವನು ಅಳತೆ ಗಾಜಿನಲ್ಲಿ ಹನಿ ಹನಿ ನೋಡಿ ಸುರಿದು, ಕೋಲಿನಿಂದ ಕದಡಿ, ಪಂಪು ಒತ್ತಿದ. ಎಲೆಗಳ ಮೇಲೆ ಮಂಜು ಕೂತಂತೆ ಮದ್ದು ಕೂತಿತು. ತೋಟ ಮುಗಿಯುವಷ್ಟರಲ್ಲಿ ಅವನ ಅಂಗಿ ಮೈಗೆ ಅಂಟಿತ್ತು.

"ಇನ್ನೇನು ಮಾಡ್ಬೇಕು?" ಪುಟ್ಟಮಲ್ಲಮ್ಮ ಕೇಳಿದಳು.

"ಕಾಯ್ಬೇಕು ಅತ್ತೆ."

ಕಾದರು. ಎರಡು ವಾರ ಏನೂ ಕಾಣಲಿಲ್ಲ. ಮೂರನೆಯ ವಾರ ಮಂಗಳಗೌರಿ ಹಿತ್ತಲಿಂದ ಓಡಿ ಬಂದು, "ಅತ್ತೆ, ಚಿಗುರು!" ಎಂದು ಕೂಗಿದಳು. ನಿಜವಾಗಿಯೂ ಕೊಂಬೆಗಳ ತುದಿಯಲ್ಲಿ ಎಳೇ ಹಸಿರು ಇಣುಕಿತ್ತು. ಯುಗಾದಿಯ ಹೊತ್ತಿಗೆ ಹೂವು ಕಟ್ಟಿ, ಬಟಾಣಿ ಗಾತ್ರದ ಕಾಯಿ ಕೂತವು. ಹಿಂದಿನ ವರ್ಷ ಆ ಗಾತ್ರದಲ್ಲೇ ಎಲ್ಲ ಉದುರಿಹೋಗಿದ್ದವು. ಈ ವರ್ಷ ನಿಂತವು. ಪುಟ್ಟಮಲ್ಲಮ್ಮ ಒಂದೊಂದು ಮರದ ಕೆಳಗೂ ಕೂತು ನೆಲ ಸವರಿ ನೋಡುವಳು, ಉದುರಿದ್ದು ಕಡಿಮೆ.

ಹಬ್ಬದ ಒಬ್ಬಟ್ಟಿನ ಊಟಕ್ಕೆ ಕೂತಾಗ ಶಿವರುದ್ರ, "ನೋಡಿದ್ರಾ ಅಪ್ಪಯ್ಯ?" ಎಂದ.

"ನೋಡ್ದೆ. ಕಾಯಿ ನಿಂತವೆ. ನಿಂಗೆ ಏನೋ ಬತ್ತದೆ ಕಣ್ಲಾ," ಎಂದ ವೃಷಭೇಂದ್ರಪ್ಪ. ಮಗನ ಎಲೆಗೆ ಇನ್ನೊಂದು ಒಬ್ಬಟ್ಟು ಹಾಕಿಸಿದ. ಅಷ್ಟು ಬಾಯಿ ಬಿಟ್ಟು ಅವನು ಮಗನನ್ನು ಹೊಗಳಿದ್ದು ಅದೇ ಮೊದಲು.

ಪುಟ್ಟಮಲ್ಲಮ್ಮ ಆ ವರ್ಷ ತನ್ನ ಕೈಯಲ್ಲಿ ದುಡ್ಡಿಲ್ಲದೆ ಹಬ್ಬ ಮಾಡಿದ್ದಳು. ತಾಯಿಯ ಲೇಹ್ಯವನ್ನು ಅಣ್ಣನೇ ತರಿಸಿದ್ದ. ತನಗೆ ಎಲೆ ಅಡಿಕೆ ಬೇಡ, ಹಲ್ಲು ನೋವು ಎಂದು ಬಿಟ್ಟಿದ್ದಳು. ಆಮೇಲೆ ಕಾಫಿ ಬಿಟ್ಟಳು. ಒಂದು ದಿನ ಶಾಂತಮಲ್ಲಮ್ಮ ಡಬ್ಬಿ ನೋಡಿ, "ಬೆಲ್ಲ ಇಷ್ಟು ಬೇಗ ಎಂಗೆ ಮುಗೀತು?" ಎಂದು ಯಾರಿಗೂ ಅಲ್ಲದಂತೆ ಹೇಳಿದ್ದಳು. ಅದು ಪುಟ್ಟಮಲ್ಲಮ್ಮನಿಗೆ ಹೇಳಿದ್ದಲ್ಲ. ಆದರೂ ಮರುದಿನದಿಂದ ಅವಳು ಮಜ್ಜಿಗೆಯನ್ನೂ ಬಿಟ್ಟಳು. ಎಲ್ಲರೂ ಎದ್ದ ಮೇಲೆ ಒಂದು ಮುದ್ದೆಯಲ್ಲಿ ಅರ್ಧ ತಿಂದು ಎದ್ದುಬಿಡುವಳು.

ಮಂಗಳಗೌರಿಯೊಬ್ಬಳೇ ಅದನ್ನು ಕಂಡು ಕೇಳಿದ್ದಳು. "ಯಾಕತ್ತೆ ಇಷ್ಟೇ ಉಂಡೆ?"

"ಹಣ್ಣು ಬರ್ಲಿ ಕಣಮ್ಮಿ, ಆಗ ಉಂಡೇನು."

"ಈಗ ಕಾನೂನೇ ಬಂದದಂತೆ, ಅಣ್ಣ ಹೇಳ್ದ. ಅಪ್ಪನ ಆಸ್ತಿಲಿ ಹೆಣ್ಮಕ್ಳಿಗೂ ಪಾಲಂತೆ."

"ಕಾನೂನು ಹಿಡ್ಕೊಂಡು ಅಣ್ಣನ ಮನೇಲಿ ಊಟಕ್ಕೆ ಕೂರಕ್ಕಾಯ್ತದಾ, ಹುಚ್ಚಿ," ಎಂದು ನಕ್ಕು ಪುಟ್ಟಮಲ್ಲಮ್ಮ ಪಾತ್ರೆ ತೊಳೆಯಲು ಎದ್ದಳು.

ಭರಣಿ ಮಳೆ ನಾಲ್ಕು ಹನಿ ಉದುರಿಸಿ ಹೋಯಿತು. ವೃಷಭೇಂದ್ರಪ್ಪ ಮಾತಿನಂತೆ ರಸ್ತೆ ಬದಿಯ ಹೊಲವನ್ನು ಖಾಲಿ ಬಿಡಲಿಲ್ಲ. ಆ ವರ್ಷ ಅರಿಸಿನಕ್ಕೆ ಪೇಟೆಯಲ್ಲಿ ಒಳ್ಳೆಯ ಧಾರಣೆಯಿತ್ತು. ಮಂಗಳಗೌರಿಗೆ ಬೇಗೂರು ಕಡೆಯಿಂದ ಸಂಬಂಧವೂ ಬಂದಿತ್ತು. ಹೊಲದ ತುಂಬ ಅರಿಸಿನ ಬಿತ್ತಿಸಿದ. ಮೊಳಕೆ ಮೇಲೆದ್ದು ನಿಲ್ಲುವವರೆಗೆ ಅದಕ್ಕೆ ನೀರು ತಪ್ಪಿಸುವಂತಿಲ್ಲ. ಮೇಲುಬಾವಿಯಿಂದ ನೀರೆತ್ತುವ ಕಪಿಲೆಗೆ ಬೆಳಗಿನಿಂದ ಸಂಜೆಯವರೆಗೆ ಎತ್ತು ಕಟ್ಟಿದ್ದೇ ಕಟ್ಟಿದ್ದು.

ಅತ್ತ ಗುಂಡ್ಲುಪೇಟೆಯಲ್ಲಿ ಶಿವರುದ್ರ ತನ್ನ ಸಾಹೇಬರ ಮುಂದೆ ನಿಂತು ಅತ್ತೆಯ ತೋಟದ ಸಂಗತಿಯನ್ನು ಉತ್ಸಾಹದಿಂದ ಹೇಳಿದ. ಸಾಹೇಬರು ಎಲ್ಲ ಕೇಳಿ, "ನೀರು ಯಾವುದು ಕೊಡ್ತಾ ಇದ್ದೀರಿ?" ಎಂದರು.

"ಅದೇ ಬಾವೀದು ಸಾರ್."

"ಅದೇ ಉಪ್ಪು ನೀರಾ?" ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಮದ್ದು ಮರಕ್ಕೆ ಸ್ವಲ್ಪ ದಿನ ತಡೆಯೋ ಶಕ್ತಿ ಕೊಡುತ್ತೆ ಕಣಯ್ಯ. ಮಣ್ಣಿನಲ್ಲಿರೋ ಉಪ್ಪನ್ನ ಅದು ತೆಗೆಯುತ್ತಾ? ಆ ತಡೆದ ದಿನಗಳಲ್ಲಿ ನೀನು ಸಿಹಿನೀರು ಕಟ್ಟಿ ಬೇರಿನ ಬುಡದ ಉಪ್ಪು ತೊಳೀಬೇಕಿತ್ತು. ಈಗ ಮರದ ಮೇಲೆ ಚಿಗುರು, ಕಾಯಿ ಎಲ್ಲ ಭಾರ ಇದೆ. ಬೇಸಿಗೆ ಮುಗಿಯೋದರೊಳಗೆ ನಾಲ್ಕಾರು ಸಲ ತುಂಬ ನೀರು ಕಟ್ಟು. ಇಲ್ಲದಿದ್ರೆ ಮರಗಳೆಲ್ಲ ಒಟ್ಟಿಗೆ ಒಣಗಿ ಕೂರುತ್ತವೆ."

ಶಿವರುದ್ರ ಅಂದೇ ಬಸ್ಸು ಹತ್ತಿದ. ಮನೆ ತಲುಪಿದಾಗ ಅಪ್ಪ ಹೊಲದಿಂದ ಬಂದು ಕಾಲು ತೊಳೆಯುತ್ತಿದ್ದ.

"ಅಪ್ಪಯ್ಯ, ತೋಟಕ್ಕೆ ಮೇಲುಬಾವಿ ನೀರು ಬೇಕು. ವಾರಕ್ಕೊಂದು ದಿನದ ಪಾಳಿ ಬುಡಿ ಸಾಕು."

"ಯಾವ ದಿನ ಬುಡ್ಲಿ? ಬಾವಿ ನೋಡ್ದಾ? ಸಂಜೆಗೆ ಕಪಿಲೆ ಬಾನಿ ತಳ ಕೆರೀತದೆ. ಅರಿಸಿನ ಮೊಳಕೆ ಬತ್ತಾ ಅದೆ."

"ಒಂದು ನಾಲ್ಕು ವಾರ ಅಷ್ಟೆ."

"ವಾರವಾರ ಒಂದು ದಿನ ಅರಿಸಿನಕ್ಕೆ ನೀರು ತಪ್ಪಿದ್ರೆ ಮುಂದಿನ ವರ್ಷ ಈ ಮನೆಲಿ ಉಣ್ಣೋದೇನು? ನಿನ್ನ ಸಂಬಳದಲ್ಲಿ ಇಷ್ಟು ಜನ ಉಣ್ತೀವಾ? ನಿನ್ನ ತಂಗಿ ಮದುವೆ ಮಾಡ್ತೀಯಾ?"

"ಆ ನೆಲಕ್ಕೆ ಉಪ್ಪು ತಂದೋರು ನೀವು ತಾನೆ? ಮದ್ದು ಇಡಿಸಿ ಬಂಡೆ ಸಿಡಿಸ್ದೋರು ಯಾರು?"

ಒಳಗೆ ರಾಗಿ ಬೀಸುತ್ತಿದ್ದ ಸದ್ದು ನಿಂತಿತು. ವೃಷಭೇಂದ್ರಪ್ಪನ ಮುಖ ಕೆಂಪಾಯಿತು.

"ನಾನೇ ಕಣ್ಲಾ. ನಾನೇ ಸಿಡಿಸ್ದೆ. ಅದ್ಕೇ ಅವಳಿಗೆ ಬೇರೆ ಹೊಲ ಕೊಡ್ತೀನಿ ಅಂದೆ. ನಾಲ್ಕು ಜನರ ಮುಂದೆ ಬೇಕಾದ್ರೂ ಹೇಳ್ತೀನಿ ಅಂದೆ. ಬೇಡ ಅನ್ಸಿದೋನು ಯಾರು? ಶೀಸೆ ಹಿಡ್ಕೊಂಡು ಬಂದೋನು ಯಾರು? ಈಗ ಆ ಹೊಲದಲ್ಲಿ ಅರಿಸಿನ ನಿಂತದೆ. ಅದನ್ನ ಕಿತ್ತು ಅವಳಿಗೆ ಕೊಡ್ಲಾ, ಇಲ್ಲಾ ಅದರ ನೀರು ಕಿತ್ತು ಕೊಡ್ಲಾ? ನೀನೇ ಹೇಳು."

ದೊಡ್ಡಮಲ್ಲಮ್ಮ ಗೋಡೆಗೆ ಒರಗಿದ್ದಲ್ಲಿಂದಲೇ ಮಗನ ಕಡೆ ತಿರುಗಿ, "ನಿಮ್ಮಪ್ಪ ಕೊಟ್ಟ ಮಾತು ಕಣೊ ಅದು," ಎಂದಳು.

"ಅಪ್ಪ ಮಾತು ಕೊಟ್ಟಾಗ ಎರಡು ಬಾವೀಲೂ ಸೀನೀರಿತ್ತು ಕಣವ್ವ," ಎಂದ ವೃಷಭೇಂದ್ರಪ್ಪ.

ಪುಟ್ಟಮಲ್ಲಮ್ಮ ಬಾಗಿಲಿಗೆ ಬಂದು ನಿಂತಳು. ಸೀರೆಯಲ್ಲೆಲ್ಲ ರಾಗಿ ಹಿಟ್ಟು. "ಬುಡು ರುದ್ರ. ಅಪ್ಪನ ಜತೆ ಜಗಳ ಬೇಡ. ಬಂದು ಉಣ್ಣು," ಎಂದಳು. ಆ ದಿನ ಅವನು ಉಣ್ಣದೆ ಗುಂಡ್ಲುಪೇಟೆಯ ಕೊನೆಯ ಬಸ್ಸಿಗೆ ಹೊರಟುಹೋದ.

ಮರುದಿನದಿಂದ ಪುಟ್ಟಮಲ್ಲಮ್ಮ ಕೊಡ ಹಿಡಿದಳು. ಮನೆಗೆಲಸ ಮುಗಿಸಿ, ಬಿಸಿಲಿನಲ್ಲಿ ಎತ್ತುಗಳು ನೆರಳಿಗೆ ಹೋದ ಹೊತ್ತು ನೋಡಿ ಮೇಲುಬಾವಿಗೆ ಹೋಗುವಳು. ತಲೆಯ ಮೇಲೊಂದು, ಸೊಂಟದ ಮೇಲೊಂದು ಮಣ್ಣಿನ ಕೊಡ. ಹೊಲ ದಾಟಿ, ಓಣಿ ದಾಟಿ, ಹಿತ್ತಲಿಗೆ ಬಂದು ಮರದ ಬುಡಕ್ಕೆ ಸುರಿಯುವಳು. ಒಂದು ಮರದ ಪಾತಿ ತುಂಬುವ ಮೊದಲೇ ಸುರಿದದ್ದು ಇಂಗಿಹೋಗುತ್ತಿತ್ತು. ಎಲ್ಲ ಮರಕ್ಕೂ ಆಗುವುದಿಲ್ಲವೆಂದು ತಿಳಿದು, ಹಿತ್ತಲಿಗೆ ಹತ್ತಿರದ ನಾಲ್ಕು ಮರಗಳನ್ನು ಆರಿಸಿಕೊಂಡಳು. ಆಮೇಲೆ ಎರಡನ್ನು. ಮಂಗಳಗೌರಿ ಜತೆಗೆ ಬಂದರೆ, "ಮದುವೆ ಹುಡುಗಿ, ಬಿಸಿಲಿಗೆ ಬರ್ಬೇಡ," ಎಂದು ಹಿಂದಕ್ಕೆ ಕಳಿಸುವಳು. ಉಳಿದ ಮರಗಳಲ್ಲಿ ನಿಂತಿದ್ದ ಕಾಯಿ ಸುಕ್ಕುಗಟ್ಟಿ, ಹೊಸ ಚಿಗುರು ಕರಕಲಾಗಿ ಉದುರತೊಡಗಿತ್ತು. ಅವಳು ಆ ಕಡೆ ನೋಡುವುದನ್ನು ಬಿಟ್ಟಳು.

ಬೇಗೂರಿನಿಂದ ಗಂಡಿನ ಕಡೆಯವರು ಬಂದ ದಿನ ಊರಿನ ನಾಲ್ಕಾರು ಹಿರಿಯರೂ ಪಡಸಾಲೆಯಲ್ಲಿದ್ದರು. ಹಬ್ಬದ ಅಡುಗೆಯನ್ನು ಪುಟ್ಟಮಲ್ಲಮ್ಮನೇ ಮಾಡಿದ್ದಳು. ಶುಭದ ಮಾತು ನಡೆಯುವಾಗ ತಾನು ಎದುರಿಗಿರಬಾರದೆಂದು ಅವಳು ಹಿತ್ತಲ ಬಾಗಿಲಿನಿಂದ ಹೊರಟು ಕೊಡ ತೆಗೆದುಕೊಂಡಳು. ಬಂದವರನ್ನು ಅರಿಸಿನದ ಹೊಲ ತೋರಿಸಲು ಕರೆದುಕೊಂಡು ಹೋದ ವೃಷಭೇಂದ್ರಪ್ಪನಿಗೆ ದಾರಿಯಲ್ಲಿ ತಂಗಿ ಎದುರಾದಳು. ಬರಿಗಾಲು, ಒದ್ದೆ ಸೆರಗು, ತಲೆಯ ಮೇಲೊಂದು ಸೊಂಟದಲ್ಲೊಂದು ಕೊಡ, ಕುತ್ತಿಗೆಯ ನರ ಉಬ್ಬಿದೆ.

ಬೀಗರಾಗಲಿದ್ದವರಲ್ಲೊಬ್ಬರು, "ನಿಮ್ಮ ಮನೆ ಆಳಾ ನೀರು ಹೊರ್ತಿರೋದು?" ಎಂದು ಸಹಜವಾಗಿ ಕೇಳಿದರು.

ವೃಷಭೇಂದ್ರಪ್ಪ ಅವರನ್ನು ಮುಂದೆ ಬಿಟ್ಟು ಹಿಂದಿರುಗಿ ಬಂದ.

"ಏನೇ ಇದು? ನನ್ನ ಮಾನ ಕಳೀಬೇಕು ಅಂತ ಇವತ್ತೇ ಹೊರ್ತಾ ಇದ್ದೀಯಾ? ಇಳಿಸು ಕೊಡಾನ."

"ಎರಡೇ ಮರ ಅಣ್ಣ. ಎರಡು ಮರ ಉಳಿದ್ರೆ ಸಾಕು ನಂಗೆ."

"ಇಳಿಸು ಅಂದೆ!"

ಅವನು ತಲೆಯ ಮೇಲಿನ ಕೊಡಕ್ಕೆ ಕೈ ಹಾಕಿದ. ಇಳಿಸಿಕೊಳ್ಳಬೇಕೆಂದೇ ಹಾಕಿದ್ದು. ಅವಳು ಬಿಡಲಿಲ್ಲ. ಕೊಡ ಜಾರಿ ಅವರಿಬ್ಬರ ನಡುವೆ ಬಿದ್ದು ಒಡೆಯಿತು. ಸೀನೀರು ಓಣಿಯ ಧೂಳಿನಲ್ಲಿ ಹರಿದು ಅವಳ ಕಾಲು ನೆನೆಸಿತು. ಸೊಂಟದ ಮೇಲಿನ ಕೊಡವನ್ನು ಅವಳೇ ನಿಧಾನವಾಗಿ ಇಳಿಸಿ, ಅಣ್ಣನ ಕಾಲ ಬಳಿ ಇಟ್ಟಳು.

"ಇದನ್ನ ಅರಿಸಿನಕ್ಕೆ ಹುಯ್ಸು ಅಣ್ಣ," ಎಂದಳು. ದನಿ ಎತ್ತರಿಸಲಿಲ್ಲ. ಅಳಲೂ ಇಲ್ಲ.

ಸಂಬಂಧ ಕುದುರಿತು. ಬಂದವರು ಪುಟ್ಟಮಲ್ಲಮ್ಮನ ಅಡುಗೆಯನ್ನು ಹೊಗಳಿ ಹೊರಟರು. ಅವರು ಹೋದ ಮೇಲೆ ಶಾಂತಮಲ್ಲಮ್ಮ ಗಂಡನ ಮುಂದೆ ಮಜ್ಜಿಗೆಯ ಲೋಟವನ್ನು ಕುಕ್ಕಿದಳು. "ಬೈಯೋದಾದ್ರೆ ಮನೇಲಿ ಬೈಬೇಕಿತ್ತು. ಓಣೀಲಿ ಅಲ್ಲ. ಇಷ್ಟು ವರ್ಷ ನನ್ನ ಜತೆ ಒಲೆ ಮುಂದೆ ನಿಂತವಳೆ ಅವಳು," ಎಂದಳು. ಪುಟ್ಟಮಲ್ಲಮ್ಮನಿಗೆ ಊಟಕ್ಕೆ ಹಾಕಿ, ಎದುರಿಗೇ ಕೂತು, "ಉಣ್ಣೆ. ನಾನು ಬೆಲ್ಲದ ಮಾತು ಆಡಿದ್ದು ನಿನಗಲ್ಲ ಕಣೆ," ಎಂದು ಕಣ್ಣೊರೆಸಿಕೊಂಡಳು.

"ನಂಗೊತ್ತು ಅತ್ಗೆವ್ವ," ಎಂದಳು ಪುಟ್ಟಮಲ್ಲಮ್ಮ. ಎರಡು ತುತ್ತು ತಿಂದಳು. ಅದಕ್ಕಿಂತ ಹೆಚ್ಚು ಇಳಿಯಲಿಲ್ಲ.

ಮಳೆಗಾಲ ಹಿಡಿದಾಗ ತೋಟದಲ್ಲಿ ಹಸಿರು ಉಳಿದಿರಲಿಲ್ಲ. ಶಿವರುದ್ರ ಬಂದು ಒಂದೊಂದು ಮರದ ತೊಗಟೆಯನ್ನೂ ಉಗುರಿನಿಂದ ಕೆರೆದು ನೋಡಿದ. ಎಲ್ಲ ಒಣಗಿ ಕಂದಾಗಿತ್ತು. ಇನ್ನೊಂದು ಸಲ ಮದ್ದು ಹೊಡೆಯುವ ಮಾತನ್ನು ಅವನೂ ಎತ್ತಲಿಲ್ಲ, ಅವಳೂ ಎತ್ತಲಿಲ್ಲ.

"ಕಡೀ ಮಗ," ಎಂದಳು ಪುಟ್ಟಮಲ್ಲಮ್ಮ.

"ಆಳು ಕರೆಸ್ತೀನಿ ಅತ್ತೆ."

"ಬೇರೆಯೋರು ಬೇಡ. ನೀನೇ ಕಡಿ."

ಅವನು ಕೊಡಲಿ ಹಿಡಿದ. ಒಣಗಿದ ಮೂಸಂಬಿಯ ಕಟ್ಟಿಗೆ ಗಟ್ಟಿ. ಕೈಯಲ್ಲಿ ಬೊಬ್ಬೆ ಎದ್ದವು. ಅವಳು ಕೊಂಬೆಗಳನ್ನು ಎಳೆದು ಎಳೆದು ಒಟ್ಟಿದಳು. ಮುಳ್ಳು ಗೀರಿ ಮುಂಗೈಯಲ್ಲಿ ರಕ್ತ ಬಂದರೂ ನಿಲ್ಲಿಸಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಅವನು ಕೊಡಲಿ ಎಸೆದು ನೆಲಕ್ಕೆ ಕುಸಿದು, "ನಾನು ಸುಮ್ಮನಿದ್ದಿದ್ರೆ ನಿಂಗೆ ಹೊಲ ಸಿಕ್ತಿತ್ತು ಅತ್ತೆ. ನಾನು ಅರ್ಧ ತಿಳ್ಕೊಂಡು ಬಂದೆ," ಎಂದು ಮುಖ ಮುಚ್ಚಿಕೊಂಡ.

ಅವಳು ಬಂದು ಅವನ ತಲೆಯ ಮೇಲೆ ಕೈಯಿಟ್ಟಳು. "ಚಿಗುರು ಕಂಡ್ನಲ್ಲ ಕಣ್ಲಾ. ಆ ಎರಡು ತಿಂಗ್ಳು ನಾನು ಚೆನ್ನಾಗಿದ್ದೆ," ಎಂದಳು. ಅದು ಸಮಾಧಾನಕ್ಕೆ ಹೇಳಿದ್ದೋ ನಿಜವೋ ಅವನಿಗೆ ತಿಳಿಯಲಿಲ್ಲ. ಆ ಮೇಲೆ ಅವನು ಗುಂಡ್ಲುಪೇಟೆಯ ಸುತ್ತಿನ ಯಾವ ರೈತನ ತೋಟಕ್ಕೆ ಹೋದರೂ ಮದ್ದಿನ ಮಾತಿಗೆ ಮೊದಲು ಬಾವಿಯ ನೀರನ್ನು ನಾಲಿಗೆಗೆ ಹಚ್ಚಿ ನೋಡುತ್ತಿದ್ದ.

ಚಾಮರಾಜನಗರದಲ್ಲಿ ಹುಡುಗರ ಉಚಿತ ವಿದ್ಯಾರ್ಥಿನಿಲಯವೊಂದಿತ್ತು. ಅಲ್ಲಿ ಅಡುಗೆಗಿದ್ದ ಯಶೋದಮ್ಮ ಪುಟ್ಟಮಲ್ಲಮ್ಮನ ಗಂಡನ ಕಡೆಯ ನಂಟಿನವಳು. ಶ್ರಾವಣದ ಒಂದು ಸೋಮವಾರ ಪುಟ್ಟಮಲ್ಲಮ್ಮ ಒಲೆ ಸಾರಿಸಿ, ತಾಯಿಯ ತಲೆಗೆ ಎಣ್ಣೆ ಹಚ್ಚಿ ಬಾಚಿ, ಒಂದು ಗಂಟು ಕಟ್ಟಿಕೊಂಡಳು.

"ಅಲ್ಲಿ ಇನ್ನೊಬ್ಬಳು ಬೇಕಂತೆ. ಓಗ್ತೀನಿ ಅವ್ವ," ಎಂದಳು.

ವೃಷಭೇಂದ್ರಪ್ಪ ಜಗುಲಿಯಲ್ಲಿದ್ದ. "ನಮ್ಮ ಮನೆ ಹೆಣ್ಣು ಊರ ಹುಡುಗ್ರಿಗೆ ಅಡಿಗೆ ಮಾಡಾಕ್ಕೆ ಓಗದಾ? ನಾನು ಸತ್ತೋಗಿದ್ದೀನಾ?" ಎಂದ.

"ಇಲ್ಲೂ ಅಡಿಗೇನೇ ಮಾಡ್ತಿದ್ದೆ ಅಣ್ಣ," ಎಂದು ಹೇಳಿ ಅವಳು ಬಸ್ಸಿನ ರಸ್ತೆಗೆ ನಡೆದಳು. ಮಂಗಳಗೌರಿ ಗಂಟು ಹೊತ್ತು ಅತ್ತೆಯ ಜತೆ ರಸ್ತೆಯವರೆಗೂ ಹೋದಳು. ಅರಿಸಿನ ಎದೆಮಟ್ಟ ಬೆಳೆದಿತ್ತು. ಅದರ ಪಕ್ಕದಲ್ಲೇ ಇಬ್ಬರೂ ಬಸ್ಸಿಗೆ ಕಾದರು.

ದೀಪಾವಳಿ ಕಳೆದು ಮದುವೆ ಹತ್ತಿರ ಬಂತು. ದೊಡ್ಡಮಲ್ಲಮ್ಮ ಹಾಸಿಗೆ ಹಿಡಿದಿದ್ದಳು. ಎಚ್ಚರವಾದಾಗಲೆಲ್ಲ, "ಪುಟ್ಟಮಲ್ಲಿನ ಕರ್ಕೊಂಡು ಬಾ," ಎನ್ನುವಳು. ಶಾಂತಮಲ್ಲಮ್ಮನೂ ಬಿಡಲಿಲ್ಲ. ಕಡೆಗೆ ವೃಷಭೇಂದ್ರಪ್ಪ ಮಡಿಸಿದ ಅಂಗವಸ್ತ್ರ ಹೆಗಲಿಗೆ ಹಾಕಿಕೊಂಡು ಚಾಮರಾಜನಗರಕ್ಕೆ ಹೋದ.

ವಿದ್ಯಾರ್ಥಿನಿಲಯದಲ್ಲಿ ಮಧ್ಯಾಹ್ನದ ಊಟದ ಹೊತ್ತು. ಹುಡುಗರು ಉದ್ದಕ್ಕೆ ಎರಡು ಸಾಲು ಕೂತಿದ್ದರು. ಪುಟ್ಟಮಲ್ಲಮ್ಮ ಸೊಂಟಕ್ಕೆ ಸೆರಗು ಸಿಕ್ಕಿಸಿ ಸಾರು ಬಡಿಸುತ್ತಿದ್ದಳು. ಅಣ್ಣನನ್ನು ಕಂಡು ಒಂದು ಗಳಿಗೆ ನಿಂತು, "ಬಾ ಅಣ್ಣ. ಕೈಕಾಲು ತೊಳ್ಕೊಂಡು ಕೂತ್ಕೊ," ಎಂದಳು.

ಅವನು ಸಾಲಿನ ತುದಿಯಲ್ಲಿ ಕೂತ. ಅವಳು ಎಲೆ ಹಾಕಿ ಮುದ್ದೆ ಇಟ್ಟು ಸಾರು ಬಿಟ್ಟಳು. ಬೇಳೆ ಬೆಣ್ಣೆಯಂತೆ ಬೆಂದಿತ್ತು.

"ತೆಂಗಿನ ಸಸಿ ಕೂರಿಸಿವ್ನಿ ಹಿತ್ತಲಲ್ಲಿ," ಎಂದ ಅವನು ತಲೆ ಬಗ್ಗಿಸಿ. "ಫಸಲು ಬಂದ್ರೆ ಅದು ನಿಂದೇ. ಅರಿಸಿನ ಕಿತ್ತ ಮೇಲೆ ಆ ಹೊಲಾನೂ ಕೊಡ್ತೀನಿ. ಬರ್ದು ಕೊಡ್ತೀನಿ ಬೇಕಾದ್ರೆ. ಮನೆಗೆ ಬಾ. ಅವ್ವ ಕರೀತಾವಳೆ."

"ಮದುವೆಗೆ ಬತ್ತೀನಿ ಅಣ್ಣ. ಅವ್ವನ ನೋಡಕ್ಕೂ ಬತ್ತೀನಿ. ಇರಕ್ಕೆ ಬರಲ್ಲ."

"ಇನ್ನೂ ಕೋಪವಾ?"

"ಕೋಪ ಇಲ್ಲ." ಅವಳು ಒಂದು ಹುಡುಗನ ಎಲೆಗೆ ಅನ್ನ ಹಾಕಿ ಬಂದಳು. "ನಾಳೆ ಇನ್ನೊಂದು ವರ್ಷ ನೀರು ಕಮ್ಮಿ ಆಯ್ತದೆ. ಆಗ್ಲೂ ನೀನು ಮನೆ ಬೆಳೆಗೇ ಹುಯ್ಸಬೇಕು. ನಿನ್ನ ಜಾಗದಲ್ಲಿ ಯಾರಿದ್ರೂ ಅಂಗೇ ಮಾಡೋರು. ನಾನು ಮತ್ತೆ ಅದನ್ನ ನೋಡ್ಲಾರೆ ಅಣ್ಣ. ಇನ್ನೊಂದು ಸ್ವಲ್ಪ ಸಾರು ಹಾಕ್ಲಾ?"

ಅವನು ಬೇಡವೆನ್ನಲಿಲ್ಲ. ಊಟ ಮುಗಿಸಿ ಎದ್ದ. ಅವಳು ಎರಡನೆಯ ಪಂಕ್ತಿಗೆ ನೆಲ ಒರೆಸುತ್ತಿದ್ದಳು. ಬಸ್ಸಿಗೆ ಹೊತ್ತಾಯಿತೆಂದು ಹೇಳಿ ಹೊರಟ.

ಮನೆಗೆ ಬಂದಾಗ ದೊಡ್ಡಮಲ್ಲಮ್ಮ ಅವನ ಹೆಜ್ಜೆ ಗುರುತು ಹಿಡಿದಳು. ಇನ್ನೊಂದು ಹೆಜ್ಜೆಗೆ ಕಿವಿಗೊಟ್ಟಳು.

"ಬರ್ನಿಲ್ವಾ?"

"ಇಲ್ಲ ಕಣವ್ವ. ಮದುವೆಗೆ ಬತ್ತಾಳಂತೆ."

"ಎಂಗವಳೆ?"

"ಚೆನ್ನಾಗವಳೆ. ಅಷ್ಟೊಂದು ಹುಡುಗ್ರಿಗೆ ಒಬ್ಬಳೇ ಬಡಿಸ್ತಾಳೆ. ನಂಗೂ ಒಟ್ಟೆ ತುಂಬ ಇಕ್ಕಿದ್ಲು."

"ಅವಳು ಉಂಡ್ಲಾ?"

ವೃಷಭೇಂದ್ರಪ್ಪ ಅಂಗವಸ್ತ್ರ ತೆಗೆದು ಕೈಯಲ್ಲಿ ಹಿಡಿದುಕೊಂಡು ತಾಯಿಯ ಹಾಸಿಗೆಯ ಪಕ್ಕದಲ್ಲಿ ಕೂತ.

"ಕೇಳ್ನಿಲ್ಲ ಕಣವ್ವ," ಎಂದ.

ಒಳಗಿನಿಂದ ಶಾಂತಮಲ್ಲಮ್ಮ ಊಟಕ್ಕೆ ಕರೆದಳು. ಮತ್ತೊಂದು ಸಲ ಕರೆದಳು. ಅವನು ಏಳಲಿಲ್ಲ.